ಗುಜರಿಗೆ ಹೋದ ಸಸ್ಯಶಾಸ್ತ್ರ

ಜಡಿಮಳೆಯ ಆಟಿ ತಿಂಗಳಲ್ಲಿ ಕಲ್ಲಡ್ಕದಂಥ ಊರಿನಲ್ಲಿ ಹಪ್ಪಳ ಒಣಗಿಸುವ ಧೈರ್ಯ ಯಾರೂ ಮಾಡುವುದಿಲ್ಲ. ನನ್ನ ತಂಗಿಯ ಮಗಳು ಗಿಡ ಒಣಗಿಸಲು ಹೊರಟಳು. ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಓದುವ ಹುಡುಗಿ. ಗಿಡಗಳನ್ನು ಬೇರು, ಹೂವು ಸಮೇತ ಕಿತ್ತು, ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ. "ಮಾವ, ನಿಮ್ಮ ತೋಟದಲ್ಲಿ ಬೇಕಾದಷ್ಟು ಕಳೆ ಉಂಟಲ್ಲ?" ಎಂದು ಕೇಳಿದಳು. ನನ್ನ ಕೃಷಿಯ ಬಗ್ಗೆ ಇಷ್ಟು ನೇರವಾದ ವಿಮರ್ಶೆ ಅದುವರೆಗೆ ಬಂದಿರಲಿಲ್ಲ.

ತುಂಬೆ, ನೆಲನೆಲ್ಲಿ, ಒಂದೆಲಗ, ನಾಚಿಕೆಮುಳ್ಳು ಎಲ್ಲ ಬಂದವು. ಚಗಟೆ ಮಾತ್ರ ಅರ್ಧ ಪಲ್ಯಕ್ಕೆ, ಅರ್ಧ ವಿಜ್ಞಾನಕ್ಕೆ ಎಂದು ಪಾಲಾಯಿತು. ಎರಡೆರಡು ಹಾಳೆ ಪತ್ರಿಕೆಯ ನಡುವೆ ಒಂದೊಂದು ಗಿಡ, ಎಲೆ ಮಡಚದ ಹಾಗೆ ಬೆರಳಿನಿಂದ ಬಿಡಿಸಿ ಇಡಬೇಕು. ಮೇಲೆ ಭಾರ ಹೇರಬೇಕು. ಮಿಕ್ಸಿ ಬಂದಂದಿನಿಂದ ಕೆಲಸವಿಲ್ಲದೆ ಕೂತಿದ್ದ ಅರೆಯುವ ಕಲ್ಲಿಗೆ ಮರುನೇಮಕವಾಯಿತು. ದಿನಾ ಪತ್ರಿಕೆ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಬದಲಿಸಿದರೂ ಹಿಡಿಯುತ್ತದೆ, ಒಂದು ದಿನ ತಡವಾಗಿ ಅಷ್ಟೆ. ಕೊನೆಗೆ ಬಚ್ಚಲ ಒಲೆಯ ಹತ್ತಿರ ಕಟ್ಟನ್ನಿಟ್ಟು, ಹೊಗೆ ಹಿಡಿಸಿ, ಅಂತೂ ಒಣಗಿತು ಎನ್ನುವಷ್ಟರಲ್ಲಿ ಗುಜರಿಯವ ಬಂದ. ನನ್ನವಳು ಹಳೆಯ ಪೇಪರು ಎಂದುಕೊಂಡು ಕಟ್ಟನ್ನೇ ಎತ್ತಿ ಕೊಟ್ಟಳು. "ಒಳಗೆ ಸೊಪ್ಪುಂಟು ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂಬ ಅವಳ ಪ್ರಶ್ನೆಗೆ ಈಗಲೂ ಉತ್ತರವಿಲ್ಲ. ಸೊಪ್ಪಿಗೂ ಪೇಪರಿನ ದರವೇ ಸಿಕ್ಕಿತು.

ಹುಡುಗಿಯ ಮುಖ ನೋಡಲಾಗಲಿಲ್ಲ. ಪೇಟೆಗೆ ಕರೆದುಕೊಂಡು ಹೋಗಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಸಿದೆ. ಕೆಳಗೆ ಹಾಲು, ಮೇಲೆ ಡಿಕಾಕ್ಷನ್ನು ಬೇರೆಬೇರೆಯಾಗಿ ನಿಂತ ಆ ಗ್ಲಾಸನ್ನು ಅವಳು ಕಲಕದೆ ನೋಡುತ್ತಾ ಕೂತಾಗ, "ನೋಡು, ಒಣಗಿದ ಗಿಡ ಮಾರಿದವರಲ್ಲಿ ನಿನ್ನತ್ತೆಯೇ ಮೊದಲಿಗಳಲ್ಲ" ಎಂದು ಶುರುಮಾಡಿದೆ.

ಸುಮಾರು 1840ರ ದಶಕದ ಮಾತು. ಜರ್ಮನಿಯ ಎಸ್ಲಿಂಗೆನ್ ಎಂಬ ಊರಿನಲ್ಲಿ ಹೊಹೆನಾಕರ್ ಎಂಬವರಿದ್ದರು. ಅವರ ಕಸುಬು ಒಣಗಿಸಿದ ಗಿಡಗಳ ವ್ಯಾಪಾರ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ನಾವು ಹಂಚಿಗೆ, 1843ರ 'ಮಂಗಳೂರ ಸಮಾಚಾರ'ಕ್ಕೆ, ಕಿಟ್ಟೆಲ್ ಕೋಶಕ್ಕೆ ನೆನೆಯುತ್ತೇವೆ. ಅವರಲ್ಲಿ ಕೆಲವರು ಸುವಾರ್ತೆ ಸಾರುತ್ತಲೇ ಗುಡ್ಡದ ಹುಲ್ಲನ್ನೂ ಕೀಳುತ್ತಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ. ಮುಂದೆ ನೀಲಗಿರಿಯಲ್ಲಿ ನೆಲೆನಿಂತ ಮೆಟ್ಜ್ ಅಂಥವರಲ್ಲೊಬ್ಬರು. ಇಲ್ಲಿಂದ ಹೋದ ಕಟ್ಟುಗಳನ್ನು ಹೊಹೆನಾಕರ್, ನಮ್ಮ ಅಡಿಕೆ ವ್ಯಾಪಾರಿಗಳು ಚಾಲಿ, ಪಟೋರ, ಕರಿಗೋಟು ಎಂದು ಬೇರೆ ಮಾಡುವ ಹಾಗೆ ವಿಂಗಡಿಸಿ, ಯುರೋಪಿನ ವಿದ್ವಾಂಸರಿಗೆ ಬೆಲೆಗೆ ಕಳಿಸುತ್ತಿದ್ದರು. ಹಾಲೆಂಡಿನ ಮೀಕೆಲ್ ಮುಂತಾದವರು ಅವುಗಳನ್ನು ಪರಿಶೀಲಿಸಿ ಹೆಸರಿಟ್ಟರು. 'ಅರುಂಡಿನೆಲ್ಲಾ ಮೆಟ್ಜಿ' ಎಂಬ ಹುಲ್ಲು ಪಶ್ಚಿಮ ಘಟ್ಟದಲ್ಲಿ ಈಗಲೂ ಉಂಟು. ದನಗಳು ಹೆಸರು ಕೇಳದೆ ಮೇಯುತ್ತವೆ. ಒಂದೊಂದು ಗಿಡದ ಜೊತೆಗೂ ಅಚ್ಚಾದ ಚೀಟಿ: ಕೆನರಾ ಸೀಮೆ, ಮಂಗಳೂರು ಪಟ್ಟಣದ ಹತ್ತಿರ ಎಂದು ಲ್ಯಾಟಿನ್ನಿನಲ್ಲಿ.

ವಿಕ್ಟೋರಿಯಾ ರಾಣಿಯ ಕಾಲದ ಈ ಮಂದಿಗೆ ಪತ್ರ ಬರೆಯುವುದೊಂದು ಚಟ. ಅದರಲ್ಲಿ ಅಗ್ರಗಣ್ಯರು ಡಾರ್ವಿನ್. 1842ರಲ್ಲಿ ಡೌನ್ ಎಂಬ ಹಳ್ಳಿಗೆ ಹೋಗಿ ಕೂತ ಮೇಲೆ, ಹೊಟ್ಟೆಯ ಕಾಯಿಲೆಯ ಆ ಮಹಾಶಯರು ಮನೆ ಬಿಟ್ಟು ಹೊರಟದ್ದು ಅಪರೂಪ. ಜಗತ್ತನ್ನೆಲ್ಲ ಅಂಚೆಯಲ್ಲೇ ತರಿಸಿಕೊಂಡರು. ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಮತ್ತು ಅವರ ನಡುವೆ ಓಡಾಡಿದ ಪತ್ರಗಳೇ ಸುಮಾರು 1,400. ಜೀವಜಾತಿಗಳು ಬದಲಾಗುತ್ತವೆ ಎಂಬ ಅನುಮಾನವನ್ನು 1844ರ ಜನವರಿಯಲ್ಲಿ ಹೂಕರ್‌ಗೆ ತಿಳಿಸುವಾಗ, ಕೊಲೆ ಮಾಡಿದ್ದನ್ನು ಒಪ್ಪಿಕೊಂಡ ಹಾಗಾಗುತ್ತಿದೆ ಎಂಬರ್ಥದಲ್ಲಿ ಬರೆದಿದ್ದರು. ಬೀಜಗಳು ಕಡಲು ದಾಟಿ ಬದುಕಬಲ್ಲವೇ ಎಂಬುದೂ ಅವರಿಬ್ಬರ ನಡುವಿನ ತಕರಾರು. ಹೂಕರ್ ನಂಬಲಿಲ್ಲ. ಡಾರ್ವಿನ್ 87 ಬಗೆಯ ಬೀಜಗಳನ್ನು ಉಪ್ಪುನೀರಿನಲ್ಲಿ 28 ದಿನ ನೆನೆಹಾಕಿದರು. 64 ಬಗೆ ಮೊಳೆತವು. ಆಮೇಲೆ ಮನೆಯಲ್ಲಿ ಇದನ್ನು ಹೇಳಿದಾಗ ನನ್ನವಳು, "ಭರಣಿಯ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಗೊರಟು ಮೊಳೆಯುತ್ತದಾ ಅಂತ ಅವರು ನೋಡಿದ್ದರಾ?" ಎಂದು ಕೇಳಿದಳು. ಡಾರ್ವಿನ್ ಇದ್ದಿದ್ದರೆ ಅವಳ ವಿಳಾಸ ತೆಗೆದುಕೊಳ್ಳುತ್ತಿದ್ದರು.

ಈ ಪತ್ರಗಳ ಜಾಲದೊಳಗೆ ನಮ್ಮ ಕಿತ್ತೂರೂ ಬರುತ್ತದೆ. 1824ರಲ್ಲಿ ರಾಣಿ ಚೆನ್ನಮ್ಮನ ಕಡೆಯವರ ಗುಂಡಿಗೆ ಕಲೆಕ್ಟರ್ ಥ್ಯಾಕರೆ ಬಲಿಯಾದಾಗ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಕೋಟೆಯಲ್ಲಿ ಸೆರೆಯಾದರಲ್ಲ, ಅವರಲ್ಲೊಬ್ಬರು ಇಪ್ಪತ್ತೊಂದರ ಹುಡುಗ ವಾಲ್ಟರ್ ಎಲಿಯಟ್. ರಾಣಿ ಜೀವಸಹಿತ ಬಿಟ್ಟುಕೊಟ್ಟದ್ದರಿಂದ ವಿಜ್ಞಾನಕ್ಕೆ ಒಬ್ಬ ಆಳು ಉಳಿದ. ಮುಂದೆ ಅವರು 595 ಶಾಸನಗಳ ಪ್ರತಿ ಮಾಡಿಸಿದರು. ಆ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಊರ ಭಾಷೆಯ ಹೆಸರುಗಳ ಸಮೇತ 1839ರಲ್ಲಿ ಅಚ್ಚು ಹಾಕಿಸಿದರು. ಎಲಿಯಟ್ ಮದರಾಸಿನಲ್ಲಿದ್ದಾಗ, 1856ರ ಜನವರಿಯಲ್ಲಿ, ಸಾಕುಪಾರಿವಾಳಗಳ ಚರ್ಮ ಕಳಿಸಿಕೊಡಿ ಎಂದು ಡಾರ್ವಿನ್ನರ ಪತ್ರ ಹೋಯಿತು. ಎಲಿಯಟ್ ಕಳಿಸಿದರು. ಗಿಡದ ಮಾತಿನ ನಡುವೆ ಪಾರಿವಾಳ ಎಲ್ಲಿಂದ ಹಾರಿ ಬಂತೆಂದು ಕೇಳಬೇಡಿ. ಅವರಿಗೆ ಎರಡೂ ಒಂದೇ ಲೆಕ್ಕ.

ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗ್‌ಹಾರ್ನ್‌ಗೆ, ದಿನಕ್ಕೊಂದು ಗಿಡ ನೋಡು ಎಂದು ಸಲಹೆ ಕೊಟ್ಟವರು ಹೂಕರ್‌ರ ತಂದೆ ವಿಲಿಯಂ. ಕ್ಲೆಗ್‌ಹಾರ್ನ್ ಹಾಗೇ ಮಾಡಿ, ಚಿತ್ರಗಳನ್ನೂ ಬರೆಸಿದರು. ಆ ಚಿತ್ರಗಳು ಈಗ ಎಡಿನ್‌ಬರೋದಲ್ಲಿವೆ. ಬರೆದವನನ್ನು ಕರೆಯುವುದು 'ಮರಾಠಿ ಚಿತ್ರಕಾರ' ಎಂದಷ್ಟೇ. ನನಗೆ ಸಿಟ್ಟು ಬರುವುದು ಇಲ್ಲಿ. ಒಣಗಿದ ಗಿಡದ ಆ ಚೀಟಿಯಲ್ಲೂ ಹೀಗೇ. ಮಂಗಳೂರಿನ ಹೆಸರುಂಟು, ಮೆಟ್ಜ್ ಹೆಸರುಂಟು, ಹೊಹೆನಾಕರ್ ಹೆಸರುಂಟು. 'ಆ ಹುಲ್ಲು ಇಲ್ಲಿಲ್ಲ ಸ್ವಾಮಿ, ಮೇಲಿನ ಗುಡ್ಡೆಯಲ್ಲಿ ಸಿಗುತ್ತದೆ' ಎಂದು ಕತ್ತಿ ಹಿಡಿದು ಮುಂದೆ ನಡೆದವನ ಹೆಸರಿಗೆ ಅದರಲ್ಲಿ ಜಾಗವಿಲ್ಲ. ಇದೇ ಕ್ಲೆಗ್‌ಹಾರ್ನ್ ಮದರಾಸಿನ ಅರಣ್ಯಾಧಿಕಾರಿಯಾದ ಮೇಲೆ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದ ವಿರುದ್ಧ ಬರೆದರು. 1860ರಲ್ಲಿ ಸರ್ಕಾರ ಅದಕ್ಕೆ ಕಡಿವಾಣ ಹಾಕಿತು. ಗುಡ್ಡೆಯ ಗಿಡಗಳನ್ನೆಲ್ಲ ಬಲ್ಲವರು ಅದೇ ಗುಡ್ಡೆಯಲ್ಲಿ ಬಿತ್ತಲು ಅಪ್ಪಣೆ ಕೇಳಬೇಕಾಯಿತು.

ಹಾಗೆಂದು ಎಲ್ಲವನ್ನೂ ಬಯ್ಯಲಾರೆ. ಮೈಸೂರು ಸೀಮೆಯ ಕಾಫಿ ತೋಟಗಳಿಂದ ಕೊಳೆತ ಎಲೆಗಳು ಲಂಡನ್ನಿಗೆ ಹೋದಾಗ, ಎಂ. ಸಿ. ಕುಕ್ ಎಂಬವರು ಅದರ ಶಿಲೀಂಧ್ರಕ್ಕೆ 1876ರಲ್ಲಿ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಎಂದೇ ಹೆಸರಿಟ್ಟರು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾದದ್ದು ಬೇರೆಯೇ ಜೀವಿ. ಆದರೂ ಅಡಿಕೆಗೆ ಬೋರ್ಡೋ ದ್ರಾವಣ ಬಿಡಲು ಆಳು ಸಿಗದೆ ಚಡಪಡಿಸುವ ದಿನಗಳಲ್ಲಿ ಈ ಹೆಸರನ್ನು ನೆನೆದು ನಾನೊಬ್ಬನೇ ನಗುವುದುಂಟು.

ಹುಡುಗಿ ಕೆ.ಟಿ. ಮುಗಿಸಿ, "ಅವರಿಗೆ ವಾಟ್ಸಾಪ್ ಇದ್ದಿದ್ದರೆ?" ಎಂದಳು. ಇದ್ದಿದ್ದರೆ ಕೆಲಸ ಕೆಟ್ಟಿರುತ್ತಿತ್ತು ಎನ್ನುವುದು ನನ್ನ ತೀರ್ಮಾನ. ಆಫ್ರಿಕದ ತುದಿ ಸುತ್ತಿ ತಿಂಗಳುಗಟ್ಟಲೆ ಸಾಗುವ ಕಟ್ಟಿಗೆ ಚೀಟಿ ಬರೆಯುವವನು ಮರುಪ್ರಶ್ನೆಗೆ ಅವಕಾಶವಿಲ್ಲದ ಹಾಗೆ ಬರೆಯುತ್ತಾನೆ. ನನ್ನ ಮೊಬೈಲಿಗೆ ಬರುವ ಗಿಡದ ಪಟಗಳಲ್ಲಿ ಅರ್ಧಪಾಲು ಯಾರೋ ಕಳಿಸಿದ್ದನ್ನು ಇನ್ನಾರೋ ಕಳಿಸಿದವು. ಜೊತೆಗೆ ಒಂದೇ ಸಾಲು: "ಇದು ಯಾವ ಗಿಡ? ಸಕ್ಕರೆ ಕಾಯಿಲೆಗೆ ಆಗ್ತದಾ?"

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಗಿಡದ ಪಟ ಕಳಿಸುವವರು ಯಾವ ಊರು, ಯಾವ ತಿಂಗಳು, ಗುಡ್ಡೆಯೋ ಗದ್ದೆಯ ಬದುವೋ ಎಂದು ಬರೆಯಿರಿ. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ನಿಮ್ಮ ಮನೆಯಲ್ಲಿ ಕರೆಯುವ ಹೆಸರನ್ನೂ, ಆ ಹೆಸರು ಹೇಳಿದವರ ಹೆಸರನ್ನೂ ಸೇರಿಸಿ. ಹೂವಿದ್ದರೆ ಅದರದ್ದೂ ಒಂದು ಪಟ ಇರಲಿ. ಬರೀ ಎಲೆ ನೋಡಿ ಹೇಳುವಷ್ಟು ವಿದ್ಯೆ ನನಗಿಲ್ಲ.