ಅರಸೀಕೆರೆಯ ಡಿಕ್ಷನರಿ

ಅರಸೀಕೆರೆ ಜಂಕ್ಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ಗಾಡಿ ಇಳಿದು ಮೈಸೂರು ಕಡೆಯ ಗಾಡಿಗೆ ಕಾಯುವವರು ಕಾಫಿ ಕುಡಿಯುತ್ತಾರೆ, ಆಕಳಿಸುತ್ತಾರೆ, ಮೊಬೈಲು ಉಜ್ಜುತ್ತಾರೆ. ಈ ಆಸಾಮಿ ಮಾತ್ರ ಚೀಲದಿಂದ ನಾರ್ಮನ್ ಲೂಯಿಸ್‌ನನ್ನು ಹೊರಗೆಳೆಯುತ್ತಾನೆ. 1949ರಲ್ಲಿ ಅಮೆರಿಕದಲ್ಲಿ ಹೊರಬಂದ ‘ವರ್ಡ್ ಪವರ್ ಮೇಡ್ ಈಸಿ’ ಇವತ್ತಿಗೂ ಬ್ಯಾಂಕು, ರೈಲ್ವೆ ಪರೀಕ್ಷೆ ಕಟ್ಟುವ ನಮ್ಮ ಹುಡುಗರ ತಲೆದಿಂಬು. ಇವನು ಪರೀಕ್ಷೆಗಳನ್ನೂ ದಾಟಿ, ಅವುಗಳ ವಯೋಮಿತಿಯನ್ನೂ ದಾಟಿ, ಈಗ ತೆಂಗಿನ ತೋಟ ನೋಡಿಕೊಂಡಿದ್ದಾನೆ. ಪುಸ್ತಕ ಮಾತ್ರ ಬಿಟ್ಟಿಲ್ಲ. ಇಂಥವನೊಬ್ಬ ತಾಲ್ಲೂಕಿಗೊಬ್ಬನಂತೆ ಇದ್ದೇ ಇರುತ್ತಾನೆ. ಊರಿನವರು ಅವನಿಗೆ ಡಿಕ್ಷನರಿ ಅಂತಲೇ ಹೆಸರಿಟ್ಟಿರುತ್ತಾರೆ.

ಪುಸ್ತಕದ ಮೊದಲ ಅಧ್ಯಾಯಗಳಲ್ಲಿ ಕೆಂಪು, ನೀಲಿ, ಹಸಿರು ಗೀಟುಗಳು. ಆಮೇಲಿನ ಹಾಳೆಗಳು ಅಂಗಡಿಯಿಂದ ಬಂದಾಗಿನ ಹಾಗೇ ಗರಿಗರಿ. ಲೂಯಿಸ್ ಮೊದಲು ಮನುಷ್ಯರ ಸ್ವಭಾವ ಹೇಳುತ್ತಾನೆ, ಆಮೇಲೆ ಡಾಕ್ಟರುಗಳ ಬಗೆಗಳನ್ನು. ಹಾಗಾಗಿ ನಮ್ಮವನಿಗೆ ಮನುಷ್ಯರು ಗೊತ್ತು, ಡಾಕ್ಟರುಗಳು ಗೊತ್ತು, ಅಲ್ಲಿಂದಾಚೆ ಪ್ರಪಂಚವಿಲ್ಲ. ಚಿಕ್ಕಪ್ಪ ಈಗೋಟಿಸ್ಟು, ಷಡ್ಡಕ ಇಂಟ್ರೋವರ್ಟು, ಹೆಂಡತಿ ಏನೆಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದು ಹೊಡೆದುಹಾಕಿದ್ದಾನೆ. ಮದುವೆಯೆಂದರೆ ಉರಿದುಬೀಳುವ, ಐವತ್ತು ದಾಟಿದ ಸೋದರಮಾವನಿಗೆ ಹುಡುಕಿ ಕೊಟ್ಟ ಪದವಿ ‘ಮಿಸೋಗಮಿಸ್ಟ್’.

2018ರಲ್ಲಿ ಶಶಿ ತರೂರ್ ತಮ್ಮ ಹೊಸ ಪುಸ್ತಕದ ಬಗ್ಗೆ ಟ್ವೀಟ್ ಮಾಡುತ್ತ 29 ಅಕ್ಷರದ ಇಂಗ್ಲಿಷ್ ಪದವೊಂದನ್ನು ಬಿಟ್ಟರಲ್ಲ, ಆ ವಾರ ಡಿಕ್ಷನರಿಗೆ ಹಬ್ಬ. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. ಯಾವುದನ್ನಾದರೂ ಮೂರು ಕಾಸಿನದೆಂದು ತಳ್ಳಿಹಾಕುವುದು. ಬಾಯಿಪಾಠ ಮಾಡಿದವನಿಗೆ ಅದನ್ನು ಬಳಸಲು ಜಾಗ ಬೇಕಲ್ಲ? ಕೊಬ್ಬರಿ ಕೊಳ್ಳುವವನು ಇವನ ಮಾಲನ್ನು ಅಂಗೈಯಲ್ಲಿ ಆಡಿಸಿ, ಕುಲುಕಿ, ಮೂಗು ಮುರಿದ. ಅವಕಾಶ ತಾನಾಗಿ ಬಂದಿತ್ತು. ಪದ ಶುರುವಾಯಿತು. ಅದು ಮುಗಿಯುವಷ್ಟರಲ್ಲಿ ಆ ಪುಣ್ಯಾತ್ಮ ಪಕ್ಕದವನ ಮೂಟೆಗೆ ಬೆಲೆ ಹೇಳಿ ಎದ್ದಿದ್ದ.

ನೆಂಟರು ಬಂದರೆ ಬೇಲೂರು, ಹಳೇಬೀಡು ತೋರಿಸುವುದು ಡಿಕ್ಷನರಿಯದೇ ಕೆಲಸ. ಅರಸೀಕೆರೆಯಲ್ಲೇ 1220ರ ಶಿವಾಲಯ ಇದೆ, ನಕ್ಷತ್ರಾಕಾರದ ಮಂಟಪ ಇದೆ. ಆದರೆ ಅಲ್ಲಿ ಇಂಗ್ಲಿಷ್ ಕೇಳುವ ಜನ ಕಡಿಮೆ. ಬೇಲೂರಿನಲ್ಲಿ ಗೈಡುಗಳ ಇಂಗ್ಲಿಷ್ ಕಿವಿಗೆ ಬೀಳುತ್ತದೆ, ನೋಟ್‌ಬುಕ್ಕು ತುಂಬುತ್ತದೆ. ಆ ಗೈಡುಗಳ ಮಾತನ್ನು ಲಘುವಾಗಿ ಕಾಣಬಾರದು. 1876ರಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಫರ್ಗುಸನ್ ಹಳೇಬೀಡನ್ನು ಗ್ರೀಕರ ಪಾರ್ಥೆನಾನ್ ಗುಡಿಯ ಜೊತೆಗಿಟ್ಟು ತೂಗಿದ, 1919ರಲ್ಲಿ ಆರ್. ನರಸಿಂಹಾಚಾರ್ಯರು ಬೇಲೂರಿನ ಬಗ್ಗೆ ಇಂಗ್ಲಿಷಿನಲ್ಲೇ ಪುಸ್ತಕ ಬರೆದರು. ಗೈಡು ‘ಬ್ರ್ಯಾಕೆಟ್ ಫಿಗರ್’ ಅಂದಾಗ ಅವನ ಕೋಲಿನ ತುದಿಯಲ್ಲಿ ದರ್ಪಣಸುಂದರಿ ನಿಂತಿರುತ್ತಾಳೆ. ನಮ್ಮವನ ಪದಕ್ಕೆ ಅಂಥ ಆಸರೆಯಿಲ್ಲ.

ಅವನ ಕಷ್ಟ ಬೇರೆ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಗುಡಿಯ ಬಾಗಿಲಲ್ಲೇ ‘ಎಕ್ಸ್‌ಕ್ವಿಸಿಟ್’ ಖರ್ಚಾಗುತ್ತದೆ. ಮೊದಲ ಮದನಿಕೆಗೆ ‘ಮ್ಯಾಗ್ನಿಫಿಸೆಂಟ್’, ಎರಡನೆಯವಳಿಗೆ ‘ಇನ್‌ಎಫೆಬಲ್’. ಸಾಲಿನಲ್ಲಿ ಇನ್ನೂ ಎಷ್ಟೋ ಜನ ಕಾದು ನಿಂತಿದ್ದಾರೆ! ಹಳೇಬೀಡು ಮುಟ್ಟುವ ಹೊತ್ತಿಗೆ ದಾಸ್ತಾನು ಖಾಲಿ. ಅಲ್ಲಿ ನೋಡಿದರೆ ಗೋಡೆಯ ಬುಡದಿಂದ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ರಾಮಾಯಣ ಮಹಾಭಾರತ, ಮಕರ, ಹಂಸ. ಆನೆಯ ಸಾಲಿನಲ್ಲಿ ಒಂದು ಆನೆಯ ಹಾಗೆ ಇನ್ನೊಂದಿಲ್ಲ. ಡಿಕ್ಷನರಿ ಅವುಗಳ ಮುಂದೆ ನಿಂತು, ಗಂಟಲು ಸರಿಪಡಿಸಿಕೊಂಡು, ‘ವೆರಿ ನೈಸ್’ ಅಂದ.

ಜೊತೆಗಿದ್ದ ಸೋದರಮಾವ ಈ ಸೋಲನ್ನೇನೂ ಗಮನಿಸಲಿಲ್ಲ. ಅವರಿಗೆ ಬೇಕಿದ್ದದ್ದು ತಮ್ಮ ಪದವಿ. ನಂದಿಮಂಟಪದ ನೆರಳಲ್ಲಿ ಕೂತು ಬಸ್ ಟಿಕೆಟ್ಟಿನ ಹಿಂದೆ ಅದನ್ನು ಕನ್ನಡದಲ್ಲಿ ಬರೆಸಿಕೊಂಡರು. ಅಂದಿನಿಂದ ಯಾರು ಹೆಣ್ಣಿನ ಜಾತಕ ತಂದರೂ ಎದೆ ಸೆಟೆದು ‘ನಾನು ಮಿಸೋಗಮಿಸ್ಟು’ ಅನ್ನುತ್ತಾರೆ. ದಲ್ಲಾಳಿ ಅದು ಕಣ್ಣಿಗೋ ಕಿವಿಗೋ ಸಂಬಂಧಪಟ್ಟ ಡಾಕ್ಟರಿಕೆ ಎಂದು ತಿಳಿದಿದ್ದಾನೆ. ಈಗ ಬಾಣಾವರದಿಂದ ಒಂದು, ಜಾವಗಲ್‌ನಿಂದ ಎರಡು ಸಂಬಂಧ ಬಂದಿವೆ. ಒಂದರಲ್ಲಿ ಕ್ಲಿನಿಕ್ಕು ಕಟ್ಟಿಸಿಕೊಡುವ ಮಾತೂ ಇದೆಯಂತೆ.