ನೆಟ್ ಹಚ್ಚುವವನು

ವಾಡಿಯ ಸಿಮೆಂಟ್ ಏಜೆನ್ಸಿ, ಲಾರಿ ಟ್ರಾನ್ಸ್‌ಪೋರ್ಟ್, ಫರಸಿ ಕಲ್ಲಿನ ವ್ಯಾಪಾರ ಇಂಥ ಕಚೇರಿಗಳ ಹಳೆಯ ಕಂಪ್ಯೂಟರ್ ಜಾಲಕ್ಕೆ ಹೊಸ ರೂಟರ್ ಸೇರಿಸಲು ಬರುವವನನ್ನು ನೆಟ್‌ನವನು ಎನ್ನುತ್ತಾರೆ. ಶಹಾಬಾದ್, ಚಿತ್ತಾಪುರ, ಸೇಡಂಗಳಲ್ಲೂ ಈ ತಳಿ ಉಂಟು. ಹೇಳಿದ ಹೊತ್ತಿಗೆ ಬರುವುದು ಅದರ ಲಕ್ಷಣವಲ್ಲ. ಸೊಲ್ಲಾಪುರ, ಗುಂತಕಲ್, ಸಿಕಂದರಾಬಾದ್ ಕಡೆಯ ಹಳಿಗಳು ಕೂಡುವ ಜಂಕ್ಷನ್ ವಾಡಿಯಾದ್ದರಿಂದ "ಗೇಟ್ ಬಿದ್ದದ್ರಿ" ಎಂಬ ಮಾತನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ.

ಬಂದವನು ಮೊದಲು ಮೇಜಿನಡಿ ಬಗ್ಗಿ, ಕಂಪ್ಯೂಟರ್‌ಗಳನ್ನು ಕೂಡಿಸುವ, ಧೂಳಿನಲ್ಲಿ ಬಣ್ಣಗೆಟ್ಟ ಸ್ವಿಚ್ಚನ್ನು ಊದಿ, "ಇದು ಯಾರ್ ಹಚ್ಯಾರ್ರಿ?" ಎಂದು ಕೇಳುತ್ತಾನೆ. "ನೀವೇ ಹಚ್ಚೀರಲ್ರೀ" ಎಂದು ಮುನೀಮರು ಅಂದರೂ ಅಳುಕುವುದಿಲ್ಲ. "ಆವಾಗಿನ ಹಿಸಾಬಿಗಿ ಬರೋಬ್ಬರಿ ಅದ."

ಕೆಲಸದ ಕೀಲು ಇರುವುದು ಅಂಕಿಯಲ್ಲಿ. ಹಳೆಯ ಕಂಪ್ಯೂಟರ್‌ಗಳಿಗೆ ಕೈಯಾರೆ ಕೊಟ್ಟ ವಿಳಾಸಗಳಿರುತ್ತವೆ. ಲೆಕ್ಕ ಬರೆಯುವ ಟ್ಯಾಲಿ ಇರುವ ಹಿರಿಯ ಯಂತ್ರ 192.168.1.1ನ್ನು ಹಿಡಿದು ಕೂತಿರುತ್ತದೆ. ಎಷ್ಟೋ ರೂಟರ್‌ಗಳು ಕಾರ್ಖಾನೆಯಿಂದ ಅದೇ ಅಂಕಿ ಹೊತ್ತು ಬರುತ್ತವೆ. ಸರಿಯಾದ ಕ್ರಮವೆಂದರೆ ರೂಟರನ್ನು ಮೊದಲು ಒಂದೇ ಕಂಪ್ಯೂಟರ್‌ಗೆ ಜೋಡಿಸಿ, ಅದರ ವಿಳಾಸವನ್ನು ಯಾರೂ ಬಳಸದ 192.168.1.250ಕ್ಕೆ ಬದಲಿಸುವುದು, ಅದು ತಾನಾಗಿ ಹಂಚುವ ವಿಳಾಸಗಳು ಹಳೆಯವುಗಳ ಮೇಲೆ ಬೀಳದಂತೆ ಮಿತಿ ಹಾಕುವುದು, ಹೊರಗಿನ ಲೈನನ್ನು ವ್ಯಾನ್ ಪೋರ್ಟಿಗೆ, ಸ್ವಿಚ್ಚಿನ ವೈರನ್ನು ಲ್ಯಾನ್ ಪೋರ್ಟಿಗೆ ಕೊಟ್ಟು, ಹಳೆಯ ಕಂಪ್ಯೂಟರ್‌ಗಳಲ್ಲಿ ಗೇಟ್‌ವೇ ಎಂದು ಆ 250ನ್ನೇ ಬರೆಯುವುದು. ನೆಟ್‌ನವನಿಗೆ ಇದೆಲ್ಲ ಬಾಯಿಪಾಠ. ಆದರೆ ಮಾಡುವುದು ಎರಡನೆಯ ಸಲ. ಮೊದಲ ಸಲ ಡಬ್ಬಿಯಿಂದ ತೆಗೆದದ್ದನ್ನು ನೇರ ಸ್ವಿಚ್ಚಿಗೇ ಸಿಕ್ಕಿಸುತ್ತಾನೆ.

"ನೆಟ್ ಬರ್ಲಕತ್ತದ, ಟ್ಯಾಲಿ ಹೋತು" ಎಂದು ಒಳಗಿನಿಂದ ಕೂಗು ಬರುತ್ತದೆ. ಲಾರಿ ಸರಕಿನ ಬಿಲ್ಟಿ ಮುದ್ರಿಸುವ ಪ್ರಿಂಟರ್ ಅರ್ಧ ಸಾಲಿಗೆ ನಿಲ್ಲುತ್ತದೆ. ಹೊರಗೆ ಲೋಡಾದ ಲಾರಿಯ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಆಗ ಮುನೀಮರು ಹಳೆಯ ಬಿಲ್ಟಿ ಪುಸ್ತಕ ತೆಗೆದು, ಅದರ ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿಟ್ಟ ಅಂಕಿಗಳನ್ನು ಮುಂದಿಡುತ್ತಾರೆ. ಜಾಲದ ಏಕೈಕ ಅಧಿಕೃತ ದಾಖಲೆ ಅದು.

ಮುಂದಿನ ತೊಡಕು ಸಾವ್ಕಾರರ ಕೋಣೆ. ಶಹಾಬಾದ್ ಕಲ್ಲಿನ ದಪ್ಪ ಗೋಡೆ 5 ಗಿಗಾಹರ್ಟ್ಸ್ ವೈಫೈಯನ್ನು ಹೊಸ್ತಿಲು ದಾಟಗೊಡುವುದಿಲ್ಲ, 2.4 ಗಿಗಾಹರ್ಟ್ಸ್ ಕುಂಟುತ್ತ ಒಂದಿಷ್ಟು ಒಳಗೆ ಹೋಗುತ್ತದೆ. ವೈರೇ ಗತಿ. ಆ ವೈರು 100 ಮೀಟರ್ ದಾಟಬಾರದೆಂಬ ನಿಯಮ ಇಲ್ಲಿ ಅಡ್ಡಿಯಲ್ಲ, ಕಲ್ಲು ಕೊರೆಯುವ ಶ್ರಮ ಅಡ್ಡಿ. ಹಾಗಾಗಿ ವೈರು ಕಿಟಕಿಯಿಂದ, ಕೂಲರಿನ ಪೈಪಿನ ಜೊತೆಗೇ ಒಳಬರುತ್ತದೆ. ಆ ಕಿಟಕಿ ಮತ್ತೆಂದೂ ಪೂರ್ತಿ ಮುಚ್ಚುವುದಿಲ್ಲ.

ಪಾಸ್‌ವರ್ಡ್ ಸಾವ್ಕಾರರ ಮೊಬೈಲ್ ನಂಬರು. ಸಂಜೆಯೊಳಗೆ ಎದುರಿನ ಚಹಾದಂಗಡಿಗೂ ಗೊತ್ತಾಗಿರುತ್ತದೆ. ಕೊನೆಗೆ ಯಾವುದಕ್ಕೂ ಸೇರದ ಒಂದು ವೈರು ಉಳಿದು, "ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂಬ ಅಪ್ಪಣೆಯಾಗುತ್ತದೆ. ಕೂಲಿ ಕೇಳಿದರೆ "ತಿಳದಂಗ ಕೊಡ್ರಿ" ಎನ್ನುತ್ತಾನೆ, ಕೊಟ್ಟದ್ದನ್ನು ಎಣಿಸಿ ಇನ್ನಷ್ಟು ಕೇಳುತ್ತಾನೆ. ರಸೀದಿ ಕೊಡುವುದಿಲ್ಲವಾದ್ದರಿಂದ ಮುನೀಮರು ಆ ಹಣವನ್ನು ಚಹಾ ಖರ್ಚಿಗೆ ಬರೆಯುತ್ತಾರೆ.