ಟೋಲ್ ಭಾವ

ಪ್ರತಿ ಬಂಧುಬಳಗದಲ್ಲೂ ಒಬ್ಬ ಟೋಲ್ ಭಾವ ಇದ್ದೇ ಇರುತ್ತಾರೆ. ಮದುವೆಯಿರಲಿ, ಮಂತ್ರಾಲಯವಿರಲಿ, ಕಾರು ಅವರದು, ದಾರಿ ಅವರದು, ಹಾಡೂ ಅವರದೇ. ಫಾಸ್ಟ್ಯಾಗ್ ಖಾತೆಯಲ್ಲಿ ದುಡ್ಡಿದೆಯೇ ಎಂಬುದು ಮಾತ್ರ ದೇವರಿಗೆ ಬಿಟ್ಟದ್ದು.

ಟೋಲ್ ಗೇಟಿನ ಮಾಡು ಕಣ್ಣಿಗೆ ಬಿದ್ದ ಮೇಲೆಯೇ ಭಾವನಿಗೆ ರೀಚಾರ್ಜಿನ ನೆನಪು. ಅದಕ್ಕೆ ಅವರ ಬಳಿ ಶಾಸ್ತ್ರಾಧಾರವೂ ಉಂಟು. ಬ್ಲಾಕ್‌ಲಿಸ್ಟ್ ಆದ ಟ್ಯಾಗನ್ನು ಗೇಟು ಮುಟ್ಟುವ ಒಂದು ಗಂಟೆ ಮೊದಲೇ ಸರಿಮಾಡಿಕೊಳ್ಳಬೇಕಂತೆ ಎಂಬ ಸುದ್ದಿ 2025ರ ಫೆಬ್ರವರಿಯಲ್ಲಿ ಹಬ್ಬಿತ್ತು. ಹಾಗೇನಿಲ್ಲ, ರಾಷ್ಟ್ರೀಯ ಹೆದ್ದಾರಿಗಳಲ್ಲಿ ಟೋಲ್ ದಾಟುವ ಮುನ್ನ ಯಾವಾಗ ರೀಚಾರ್ಜ್ ಮಾಡಿದರೂ ಆದೀತು ಎಂದು ಹೆದ್ದಾರಿ ಪ್ರಾಧಿಕಾರ ಸ್ಪಷ್ಟನೆ ಕೊಟ್ಟಿತು. ಭಾವ ಸುದ್ದಿಯನ್ನು ಮರೆತರು, ಸ್ಪಷ್ಟನೆಯನ್ನು ಬಾಯಿಪಾಠ ಮಾಡಿದರು.

ಆದರೆ ದುಡ್ಡಿಲ್ಲದೆ ನಿಂತುಹೋದ ಟ್ಯಾಗಿಗಷ್ಟೇ ರೀಚಾರ್ಜು ಮದ್ದು. ಕೆವೈಸಿ ಬಾಕಿಯಿಂದ ನಿಂತದ್ದಕ್ಕೆ ಆರ್‌ಸಿ, ಗುರುತಿನ ಚೀಟಿ ಎಲ್ಲ ಬ್ಯಾಂಕಿಗೆ ಹೋಗಬೇಕು. ಭಾವನ ಆರ್‌ಸಿ ಊರಿನ ಬೀರುವಿನಲ್ಲಿ. ಓಟಿಪಿ ಬರುವುದು ಎಂದೋ ಬಿಸಾಡಿದ ಸಿಮ್ಮಿಗೆ.

ಇಷ್ಟಾದರೂ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಹಿರಿಯೂರಿನ ಹತ್ತಿರ ಜಲ್ಲಿ ಲಾರಿಯಿಂದ ಹಾರಿದ ಕಲ್ಲು ಕಾರಿನ ಮುಂದಿನ ಗಾಜು ಸೀಳಿತು. “ಹಳೇ ಖಾತೆಗೇ ಬ್ಯಾಂಕಿನೋರು ಬದಲಿ ಟ್ಯಾಗ್ ಕೊಡ್ತಾರೆ ಸಾರ್” ಎಂದ ಗ್ಯಾರೇಜಿನ ಹುಡುಗ. ಭಾವ ಕೇಳಿಯಾರೆ? “ಒಂದು ಬ್ಲೇಡ್ ಕೊಡಪ್ಪ” ಎಂದರು. ಅಂಚು ಎಬ್ಬಿಸಿ, ಉಫ್ ಎಂದು ಊದಿ, ಉಗುರಿನಿಂದ ಮೀಟಿ ಕೊನೆಗೂ ಕಿತ್ತರು. ಸ್ಟಿಕರು ಸುರುಳಿ ಸುತ್ತಿಕೊಂಡಿತು, ಬಾರ್‌ಕೋಡಿನ ಅರ್ಧ ಒಡೆದ ಗಾಜಿನಲ್ಲೇ ಉಳಿಯಿತು.

ಟ್ಯಾಗಿನೊಳಗೆ ಬ್ಯಾಟರಿ ಇರುವುದಿಲ್ಲ. ಗೇಟಿನ ಮೇಲಿನ ರೀಡರ್ ಬಿಡುವ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ಅದು ತನ್ನ ನಂಬರು ಒಪ್ಪಿಸುತ್ತದೆ. ಕಿತ್ತರೆ ಆಂಟೆನಾ ಹರಿದುಹೋಗುವಂತೆಯೇ ಟ್ಯಾಗನ್ನು ಮಾಡಿರುತ್ತಾರೆ, ಒಂದು ಕಾರಿನದು ಇನ್ನೊಂದಕ್ಕೆ ದಾಟದಿರಲಿ ಎಂದು. ಭಾವ ಹೊಸ ಗಾಜಿಗೆ ಅದನ್ನೇ ಸೆಲ್ಲೋಟೇಪಿನಲ್ಲಿ ಅಂಟಿಸಿ, ಹೆಬ್ಬೆರಳಿನಿಂದ ತೀಡಿ, “ಈಗ ನೋಡು!” ಎಂದರು.

ನೋಡಿದ್ದು ಗಣಂಗೂರು ಟೋಲಿನಲ್ಲಿ. ಗೇಟು ಏಳಲಿಲ್ಲ. ಭಾವ ಒಂದು ಮೊಳ ಹಿಂದೆ ಸರಿದರು, ಎರಡು ಮೊಳ ಮುಂದೆ ಬಂದರು. ಹಿಂದಿನ ಬಸ್ಸು ಹಾರನ್ ಹೊಡೆಯಿತು. ಕೊನೆಗೆ ಟ್ಯಾಗನ್ನು ಟೇಪಿನ ಸಮೇತ ಕಿತ್ತು, ಕಿಟಕಿಯಿಂದ ಕೈ ಚಾಚಿ ರೀಡರಿಗೆ ಮಂಗಳಾರತಿ ಎತ್ತಿದರು.

“ಕೈಯಲ್ಲಿ ಹಿಡಿದು ತೋರಿಸೋ ಹಾಗಿಲ್ಲ ಸಾರ್. ಕ್ಯಾಷ್ ಆದ್ರೆ ಡಬಲ್, ಯುಪಿಐ ಆದ್ರೆ ಒಂದೂಕಾಲು ಪಟ್ಟು.”

2025ರ ನವೆಂಬರ್ 15ರಿಂದ ಬಂದಿದ್ದ ಲೆಕ್ಕವದು: ನೂರು ರೂಪಾಯಿ ಟೋಲಿಗೆ ನಗದಾದರೆ 200, ಯುಪಿಐ ಆದರೆ 125. ಭಾವ ಲೆಕ್ಕಕ್ಕೆ ಇಳಿಯುವವರಲ್ಲ. “ಮ್ಯಾನೇಜರನ್ನ ಕರೀರಿ. ಖಾತೇಲಿ ದುಡ್ಡಿದೆ, ಬೇಕಾದ್ರೆ ಮೆಸೇಜ್ ತೋರಿಸ್ತೀನಿ” ಎಂದು ಮೊಬೈಲು ತಡಕತೊಡಗಿದರು. ಖಾತೆಯಲ್ಲಿ ದುಡ್ಡಿದ್ದದ್ದು ನಿಜ. ಜೀವಮಾನದಲ್ಲಿ ಮೊದಲ ಸಲ ಅವರು ಮುಂಚಿತವಾಗಿ ರೀಚಾರ್ಜ್ ಮಾಡಿಸಿದ್ದರು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅಕ್ಕ ಯುಪಿಐ ಮಾಡಿಯಾಗಿತ್ತು. ಗೇಟು ಎದ್ದಿತು.

“ರೀ, ಬದಿಗೆ ಹಾಕಿ. ಅಲ್ಲೇ ಹೊಸ ಟ್ಯಾಗ್ ಮಾರ್ತಾ ಇದಾರೆ.”

“ಅದಕ್ಕೆ ನೂರು ರೂಪಾಯಿ ಕೀಳ್ತಾರೆ ಕಣೇ!”

“ಬಿಡದಿ ಹತ್ತಿರ ಇನ್ನೊಂದು ಟೋಲ್ ಇದೆಯಲ್ರೀ?”

“ನೋಡೋಣ ಬಿಡು” ಎಂದ ಭಾವ, ಡ್ಯಾಶ್‌ಬೋರ್ಡಿನಿಂದ ಟೇಪಿನ ಉರುಳೆ ತೆಗೆದು, ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದರು.